ಹೆಸರಿಗಿಂತ ಗೆರೆ ಮೇಲು: ಹಳೇ ಗಾಡಿಗೆ ಹೆಡ್‌ಲೈಟ್ ಗ್ಲಾಸು ಆರಿಸುವ ಬಗೆ

ಮೈಸೂರಿನಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಗುಜರಿ ಅಂಗಡಿಗೆ ಹೋದರೆ ಮೊದಲು ಕೇಳುವುದು ‘ಲ್ಯೂಕಾಸ್ ಗ್ಲಾಸ್ ಇದ್ಯಾ?’ ಅಂತ. ಲ್ಯೂಕಾಸ್ ಅಂದರೆ ಗಾಡಿಗಳ ದೀಪಕ್ಕೆ ಹೆಸರಾದ ಇಂಗ್ಲಿಷ್ ಕಂಪನಿ. ಅಂಗಡಿಯವರಿಗೂ ಈ ಖಯಾಲಿ ಚೆನ್ನಾಗಿ ಗೊತ್ತು. ಹೆಸರು ಮೂಡಿರುವ ಗ್ಲಾಸನ್ನು ಒರೆಸಿ ಮುಂದಿಡುತ್ತಾರೆ, ಹೆಸರಿಲ್ಲದ್ದು ತಗಡಿನ ಡಬ್ಬದ ತಳದಲ್ಲೇ ಉಳಿಯುತ್ತದೆ. ನನಗೆ ಈ ಪದ್ಧತಿ ತಲೆಕೆಳಗಾಗಿ ಕಾಣುತ್ತದೆ. ಹೆಡ್‌ಲೈಟ್ ಗ್ಲಾಸು ಬರೀ ಮುಚ್ಚಳವಲ್ಲ. ಬಲ್ಬಿನ ಬೆಳಕನ್ನು ಎಷ್ಟು ಅಗಲಕ್ಕೆ ಹರಡಬೇಕು, ಎಷ್ಟು ಕೆಳಕ್ಕೆ ಬಗ್ಗಿಸಬೇಕು, ರಸ್ತೆಯ ಯಾವ ಮಗ್ಗುಲಿಗೆ ಹೆಚ್ಚು ಕೊಡಬೇಕು ಎಂಬುದೆಲ್ಲ ಅದರ ಒಳಮೈಯ ಗೆರೆಗಳಲ್ಲಿದೆ. ಹೆಸರು ಹೇಳುವುದು ಮಾಡಿದವರು ಯಾರು ಅಂತ ಮಾತ್ರ, ಅದನ್ನೂ ಎಲ್ಲ ಸಲ ನಂಬುವಂತಿಲ್ಲ. ಆದ್ದರಿಂದ ಮೊದಲು ಗೆರೆ, ಆಮೇಲೆ ಅಳತೆ, ಆಮೇಲೆ ಅಂಚು, ಕೊನೆಗೆ ಹೆಸರು ನೋಡಿ ಅನ್ನುವುದು ನನ್ನ ವಾದ.

ನಮ್ಮೂರಿನಲ್ಲಿ ಈ ಹುಚ್ಚು ಹಬ್ಬಿದ್ದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಮೊದಲು ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕು ಮಾಡಿತು. ಮನೆಯವರೋ ನೆಂಟರೋ ಅಲ್ಲಿ ಕೆಲಸ ಮಾಡಿದ್ದರು ಅನ್ನುವ ಸಂಸಾರಗಳು ಊರಿನ ತುಂಬ ಇವೆ. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಓಡುತ್ತಲೇ ಇವೆ, ಗ್ಲಾಸುಗಳು ಮಾತ್ರ ಒಡೆಯುತ್ತಲೇ ಇವೆ. ಜಾವಾ ಬಿಟ್ಟರೆ ಬುಲೆಟ್ಟು, ಅಂಬಾಸಡರ್, ಫಿಯೆಟ್, ವಿಲ್ಲೀಸ್ ಜೀಪು, ಅಪರೂಪಕ್ಕೆ ಹಿಂದಿನ ಕಾಲದ ಇಂಗ್ಲಿಷ್ ಮತ್ತು ಅಮೆರಿಕನ್ ಕಾರು. ಇಷ್ಟಕ್ಕೆ ಹೊಂದುವ ಗಾಜು ಹುಡುಕುವವರಿಗೆ ಈ ಬರಹ.

ಯಾತಕ್ಕೆ ಬೇಕು ಅಂತ ಮೊದಲು ತೀರ್ಮಾನಿಸಿ

ರಾತ್ರಿ ಓಡಿಸುವ ಗಾಡಿಗೋ, ಪ್ರದರ್ಶನದಲ್ಲಿ ನಿಲ್ಲಿಸುವ ಗಾಡಿಗೋ, ಕಪಾಟಿನಲ್ಲಿ ಜೋಡಿಸಿಡುವುದಕ್ಕೋ? ಒಂದೇ ಗ್ಲಾಸು ಈ ಮೂರಕ್ಕೂ ಒಳ್ಳೆಯದಾಗುವುದು ಅಪರೂಪ. ರಾತ್ರಿ ಸಂಚಾರಕ್ಕೆ ಗೆರೆಯ ದಿಕ್ಕು ಮತ್ತು ಬಿರುಕಿಲ್ಲದ ಗಾಜು ಮುಖ್ಯ, ಹೆಸರು ಇದ್ದರೂ ಸರಿ ಇಲ್ಲದಿದ್ದರೂ ಸರಿ. ಪ್ರದರ್ಶನಕ್ಕೆ ಗಾಡಿ ಹುಟ್ಟಿದ ವರ್ಷಕ್ಕೆ ಹೊಂದುವ ಹೆಸರೂ ಅಕ್ಷರದ ಮಾದರಿಯೂ ಬೇಕು, ಅಂಚಿನಲ್ಲಿ ಚೂರು ಎದ್ದಿದ್ದರೂ ರಿಮ್ಮಿನ, ಅಂದರೆ ಗ್ಲಾಸನ್ನು ಹಿಡಿದಿಡುವ ಸುತ್ತುಬಳೆಯ, ಅಡಿಯಲ್ಲಿ ಮರೆಯಾಗುತ್ತದೆ. ಕಪಾಟಿಗೆ ವಿಚಿತ್ರವಾದಷ್ಟೂ ಚೆನ್ನ. ಬಲಗಡೆ ಸಂಚಾರದ ದೇಶದ ಗ್ಲಾಸು ನಮ್ಮ ರಸ್ತೆಗೆ ಆಗದಿದ್ದರೂ ಗೋಡೆಯ ಮೇಲೆ ಅದರ ಸೊಬಗಿಗೆ ಏನೂ ಕಮ್ಮಿಯಾಗುವುದಿಲ್ಲ.

ಗೆರೆಗಳನ್ನು ಓದುವುದು

ಗ್ಲಾಸನ್ನು ಬೆಳಕಿಗೆ ಹಿಡಿದು ಒಳಮೈ ನೋಡಿ. ಉದ್ದುದ್ದ ನಿಂತ ಗೆರೆಗಳಿದ್ದರೆ ಅವು ಬೆಳಕನ್ನು ಎಡಬಲಕ್ಕೆ ಹರಡುತ್ತವೆ. ನಡುನಡುವೆ ಚೌಕಾಕಾರದ ಮನೆಗಳಿದ್ದು, ಒಂದೊಂದು ಮನೆಯಲ್ಲೂ ಗೆರೆಯ ಒತ್ತು ಬೇರೆಬೇರೆ ಇದ್ದರೆ, ಅಡ್ಡಕ್ಕೆ ಓರೆಯಾದ ಪಟ್ಟಿಗಳಿದ್ದರೆ, ಅವು ಬೆಳಕನ್ನು ಕೆಳಕ್ಕೆ ಬಗ್ಗಿಸುವ ಪಟ್ಟಕಗಳು. ತೀರಾ ಹಳೆಯ ಕಾರುಗಳ ಗ್ಲಾಸಿನಲ್ಲಿ ಒಂದೇ ಸಮನೆ ನಿಂತ ಗೆರೆಗಳಷ್ಟೇ ಇರುವುದುಂಟು. ನಂತರದವುಗಳಲ್ಲಿ ಚೌಕದ ಮನೆಗಳು ಹೆಚ್ಚುತ್ತ ಹೋಗುತ್ತವೆ.

ನಿಜವಾದ ತಿರುವು 1950ರ ದಶಕದ ಎರಡನೇ ಅರ್ಧದಲ್ಲಿದೆ. ಅಲ್ಲಿಯವರೆಗೆ ಯುರೋಪಿನ ಡಿಮ್ ಬೆಳಕು ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತಿತ್ತು. ಆಮೇಲೆ ಎದುರು ಬರುವವರ ಕಡೆ ತಗ್ಗಿ, ತನ್ನ ಕಡೆಯ ರಸ್ತೆಯಂಚಿಗೆ ಸುಮಾರು 15 ಡಿಗ್ರಿ ಮೇಲೇರುವ ಓರೆ ಬೆಳಕು ಬಂತು. ಇಂಥ ಗ್ಲಾಸಿನಲ್ಲಿ ಎಡ ಅರ್ಧ, ಬಲ ಅರ್ಧ ಒಂದೇ ಥರ ಇರುವುದಿಲ್ಲ. ಒಂದು ಪಕ್ಕ ನಡುವಿನಿಂದ ಅಂಚಿಗೆ ಹೋಗುವ ಬೀಸಣಿಗೆಯಾಕಾರದ ತುಂಡು ಕಾಣುತ್ತದೆ. ಎರಡೂ ಅರ್ಧ ಕನ್ನಡಿ ಹಿಡಿದಂತೆ ಒಂದೇ ಆಗಿದ್ದರೆ ಅದು ಸಾಮಾನ್ಯವಾಗಿ ಹಳೆಯ, ಸಮಬೆಳಕಿನ ಗ್ಲಾಸು. ಎಡ ಸಂಚಾರಕ್ಕೂ ಬಲ ಸಂಚಾರಕ್ಕೂ ಅದರಿಂದ ತಕರಾರಿಲ್ಲ.

ಓರೆ ಬೆಳಕಿನದಾದರೆ ದಿಕ್ಕು ನೋಡಲೇಬೇಕು. ಯುರೋಪಿನ ಒಪ್ಪಿಗೆ ಪಡೆದ ಗ್ಲಾಸುಗಳ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ, ಅದರ ಪಕ್ಕ ಒಂದು ಅಂಕಿ ಇರುತ್ತದೆ. ಅಂಕಿ ಒಪ್ಪಿಗೆ ಕೊಟ್ಟ ದೇಶವನ್ನು ಹೇಳುತ್ತದೆ: 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 8 ಚೆಕೊಸ್ಲೊವಾಕಿಯಾ, 11 ಬ್ರಿಟನ್. ಇದು ತಯಾರಾದ ಊರಲ್ಲ, ಒಪ್ಪಿಗೆ ಸಿಕ್ಕ ಊರು ಎಂಬುದನ್ನು ಗ್ಲಾಸು ಸಂಗ್ರಹಿಸಿ ಕೂಡಿಸುವವರೇ ಮರೆತುಬಿಡುತ್ತಾರೆ. ಇದರ ಹತ್ತಿರವೇ ಒಂದು ಅಡ್ಡ ಬಾಣ ಇದೆಯೇ ನೋಡಿ. ಗ್ಲಾಸಿನ ಎದುರು ನಿಂತಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದರೆ ಅದು ಎಡಗಡೆ ಸಂಚಾರದ ಗ್ಲಾಸು, ಅಂದರೆ ನಮ್ಮದು. ಎರಡೂ ಕಡೆ ಮೊನೆ ಇದ್ದರೆ ಎರಡಕ್ಕೂ ಹೊಂದಿಸಬಹುದಾದದ್ದು. ‘ಇ’ ಗುರುತಿದ್ದೂ ಬಾಣವೇ ಇಲ್ಲದಿದ್ದರೆ ಬಲಗಡೆ ಸಂಚಾರದ ದೇಶಗಳದ್ದು. ಹೊರಗಿಂದ ತರಿಸಿದ ಚೆಂದದ ಗ್ಲಾಸು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಊಟಿ ರಸ್ತೆಯಲ್ಲಿ ಡಿಮ್ ಮಾಡಿದರೂ ಎದುರಿನವರು ಲೈಟು ಮಿನುಗಿಸಿ ಬೈಯುತ್ತಿದ್ದರೆ ಬಾಣ ನೋಡಿಕೊಳ್ಳಿ.

ಬಾಣ ಸವೆದಿದ್ದರೆ, ಅಥವಾ ಗುರುತೇ ಇಲ್ಲದ ಗ್ಲಾಸಾದರೆ ಗೋಡೆ ಪರೀಕ್ಷೆ ಇದೆ. ಸಂಜೆ ಹೊತ್ತಲ್ಲಿ ಏಳೆಂಟು ಮೀಟರ್ ದೂರದ ಬಿಳಿ ಗೋಡೆಗೆ ಡಿಮ್ ಬೆಳಕು ಬಿಡಿ. ಬೆಳಕಿನ ಮೇಲಂಚು ಎಡಕ್ಕೆ ಏರಿದರೆ ಸರಿ, ಬಲಕ್ಕೆ ಏರಿದರೆ ಆ ಗ್ಲಾಸು ಕಪಾಟಿಗೆ. ಕೆಲವು ಮೆಕ್ಯಾನಿಕ್‌ಗಳು ‘ಗ್ಲಾಸು ಸ್ವಲ್ಪ ತಿರುಗಿಸಿ ಕೂರಿಸ್ತೀನಿ ಬಿಡಿ ಸಾರ್’ ಅನ್ನುತ್ತಾರೆ. ತಿರುಗಿಸಿದರೆ ನಿಂತ ಗೆರೆಗಳು ಮಲಗುತ್ತವೆ, ಬೆಳಕು ಅಡ್ಡಕ್ಕೆ ಹರಡುವ ಬದಲು ಓರೆಯಾಗಿ ಮರದ ಕೊಂಬೆಗೂ ಹಳ್ಳಕ್ಕೂ ಬೀಳುತ್ತದೆ. ಎಷ್ಟೋ ಗ್ಲಾಸುಗಳ ಮೇಲ್ತುದಿಯಲ್ಲಿ ಇಂಗ್ಲಿಷಿನಲ್ಲಿ ‘ಟಾಪ್’ ಎಂದು ಅಚ್ಚಾಗಿರುವುದು ಇದಕ್ಕೇ.

ಗುಜರಿಯಲ್ಲಿ ಕಾರಿನ ಗ್ಲಾಸು ಎಂದು ಸಿಗುವ ಕಾರಿನದಲ್ಲದ್ದು

ಮೈಸೂರು ರೈಲ್ವೆಯ ಊರು. ಮಂಡಿ ಮೊಹಲ್ಲಾದ ಕಡೆ ಹಳೇ ಸಾಮಾನಿನ ರಾಶಿಯಲ್ಲಿ ದಪ್ಪನೆಯ, ಒಳಗೆ ವೃತ್ತದೊಳಗೆ ವೃತ್ತವಾಗಿ ಮೆಟ್ಟಿಲು ಕೊರೆದಂತಿರುವ ಗಾಜು ಸಿಕ್ಕರೆ ಅದು ರೈಲ್ವೆ ಸಿಗ್ನಲ್ ದೀಪದ್ದಾಗಿರುವುದೇ ಹೆಚ್ಚು. ಬೆಳಕನ್ನು ಹರಡದೆ ಒಂದೇ ನೇರಕ್ಕೆ ದೂರ ಕಳಿಸುವುದು ಅದರ ಕೆಲಸ. ಕೆಂಪು, ಹಸಿರು, ಹಳದಿಯಲ್ಲಿ ಸಿಗುತ್ತದೆ, ನೋಡಲು ಸೊಗಸು, ಕಾರಿಗೆ ನಿಷ್ಪ್ರಯೋಜಕ. ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂ ಸುತ್ತಿ ಬಂದರೆ ಈ ದೀಪಗಳ ಗುರುತು ಕಣ್ಣಿಗೆ ಹತ್ತುತ್ತದೆ. ಅಂಚು ಓರೆ ಕೊಯ್ದ ಚಪ್ಪಟೆ ಗಾಜು ಸಾಮಾನ್ಯವಾಗಿ ಸಾರೋಟು ಅಥವಾ ಜಟಕಾ ದೀಪದ್ದು. ಅದರಲ್ಲಿ ಗೆರೆಯೇ ಇರುವುದಿಲ್ಲ.

ಮಂಡ್ಯದ ಕಡೆ ಕಥೆ ಬೇರೆ. ಕಬ್ಬಿನ ನಾಡು, ಅಲ್ಲಿನ ಗುಜರಿಯಲ್ಲಿ ಟ್ರ್ಯಾಕ್ಟರ್ ಮತ್ತು ಲಾರಿ ಗ್ಲಾಸುಗಳೇ ಜಾಸ್ತಿ. ಟ್ರ್ಯಾಕ್ಟರಿನ ಹಿಂದುಗಡೆ ನೇಗಿಲ ಮೇಲೆ ಬೆಳಕು ಬೀಳಿಸುವ ದೀಪದ ಗ್ಲಾಸು ಬೈಕಿನ ಹೆಡ್‌ಲೈಟ್ ಗ್ಲಾಸಿನ ಅಳತೆಗೆ ಹತ್ತಿರ ಬರುವುದುಂಟು, ಅದನ್ನೇ ‘ಜಾವಾ ಗ್ಲಾಸು’ ಎಂದು ದಾಟಿಸುವವರೂ ಉಂಟು. ಹೊಲದ ದೀಪಕ್ಕೆ ಡಿಮ್ಮೂ ಇಲ್ಲ ಡಿಪ್ಪೂ ಇಲ್ಲ. ಅದರ ಗೆರೆ ಬೆಳಕನ್ನು ಹತ್ತಿರಕ್ಕೆ ಅಗಲವಾಗಿ ಚೆಲ್ಲುತ್ತದೆ ಅಷ್ಟೇ. ಬೈಕಿಗೆ ಹಾಕಿದರೆ ಮುಂದಿನ ಚಕ್ರದ ಸುತ್ತ ಬೆಳ್ಳಗೆ, ಅದರಾಚೆ ಕತ್ತಲು.

ಹಳೇ ಲಾರಿ, ಬಸ್ಸಿನ ಗ್ಲಾಸುಗಳ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿರುವುದು ಸಾಮಾನ್ಯ. ಎದುರಿನವರ ಕಣ್ಣು ಕುಕ್ಕದಿರಲೆಂದು ಆಗ ಬಳಿಸುತ್ತಿದ್ದರು. ಅದನ್ನು ಕಂಡು ಬೇಡವೆನ್ನಬೇಡಿ, ಬೆಲೆ ಇಳಿಸಿ ಕೇಳಿ. ಥಿನ್ನರ್ ಬಟ್ಟೆಯಲ್ಲಿ ನೆನೆಸಿ ಬ್ಲೇಡಿನಿಂದ ಮೆತ್ತಗೆ ಕೆರೆದರೆ ಬಣ್ಣ ಹೋಗುತ್ತದೆ. ಅದರ ಅಡಿಯಲ್ಲಿ ಗೀರು ಬೀಳದ ಗಾಜು ಸಿಗುವುದೂ ಉಂಟು.

ಅಕ್ಷರಗಳಿಂದ ಕಾಲ ಹಿಡಿಯುವುದು

ಗ್ಲಾಸಿನ ಮೇಲೆ ವರ್ಷ ಬರೆದಿರುವುದು ಅಪರೂಪ. ಆದರೆ ‘ಇದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ’ ಎಂದು ಹೇಳುವ ಗುರುತುಗಳು ಬೇಕಾದಷ್ಟಿವೆ. ಚೆನ್ನೈನ ಲ್ಯೂಕಾಸ್ ಟಿವಿಎಸ್ ಶುರುವಾದದ್ದು 1961ರಲ್ಲಿ. ಆ ಜೋಡಿ ಹೆಸರಿನ ಗ್ಲಾಸನ್ನು 1950ರ ದಶಕದ ಗಾಡಿಯ ಹುಟ್ಟು ಗ್ಲಾಸು ಎಂದರೆ ನಗಬಹುದು. ವೃತ್ತದೊಳಗಿನ ‘ಇ’ ಗುರುತಿಗೆ ಮೂಲವಾದ ಒಪ್ಪಂದ ಆದದ್ದು 1958ರಲ್ಲಿ, ಹಾಗಾಗಿ ಆ ಗುರುತು ಅದಕ್ಕೂ ಹಿಂದಿನದಲ್ಲ. ಡಿಮ್ಮೂ ದೂರದ ಬೆಳಕೂ ಒಂದರಲ್ಲೇ ಕೊಡುವ ಎಚ್4 ಹ್ಯಾಲೊಜನ್ ಬಲ್ಬು ಬಂದದ್ದು 1970ರ ದಶಕದ ಆರಂಭದಲ್ಲಿ. ಗ್ಲಾಸಿನ ಮೇಲೆ ಎಚ್4 ಎಂದಿದ್ದರೆ ಅದು ಆ ನಂತರದ್ದು. ‘ಸಿ’ ಎಂದರೆ ಡಿಮ್, ‘ಆರ್’ ಎಂದರೆ ದೂರದ ಬೆಳಕು, ಮುಂದೆ ‘ಎಚ್’ ಸೇರಿ ‘ಎಚ್‌ಸಿಆರ್’ ಆದರೆ ಹ್ಯಾಲೊಜನ್‌ನಲ್ಲಿ ಎರಡೂ. ಪಶ್ಚಿಮ ಜರ್ಮನಿ ಎಂಬ ಹೆಸರಿದ್ದರೆ 1949ರಿಂದ 1990ರ ನಡುವಿನ ಮಾಲು. ಚೆಕೊಸ್ಲೊವಾಕಿಯಾ ಎಂದಿದ್ದರೆ ಆ ದೇಶ ಎರಡಾದ 1993ಕ್ಕಿಂತ ಹಿಂದಿನದು. ಇಂಗ್ಲಿಷಿನ ಡಿ, ಒ, ಟಿ ಅಕ್ಷರಗಳಿದ್ದರೆ ಅಮೆರಿಕದ ಸಾರಿಗೆ ಇಲಾಖೆಯ ಗುರುತು. ಆ ಇಲಾಖೆ ಹುಟ್ಟಿದ್ದೇ 1966ರಲ್ಲಿ.

ಅಮೆರಿಕದ ಇನ್ನೊಂದು ಗಡಿ 1940. ಆ ವರ್ಷದ ಮಾಡೆಲಿನಿಂದ ಅಲ್ಲಿನ ಕಾರುಗಳಿಗೆ ಗ್ಲಾಸು, ಹಿಂದಿನಿಂದ ಬೆಳಕನ್ನು ಮುಂದಕ್ಕೆ ತಿರುಗಿಸುವ ಬಟ್ಟಲಾದ ರಿಫ್ಲೆಕ್ಟರ್, ಫಿಲಮೆಂಟು ಎಲ್ಲ ಒಂದೇ ಗಟ್ಟಿಯಾಗಿ ಸೇರಿದ 7 ಇಂಚಿನ ಸೀಲ್ಡ್ ಬೀಮ್ ಬಂತು. ಜೀಪುಗಳ ದೀಪ ಇದೇ ವಂಶ. ಸೀಲ್ಡ್ ಬೀಮಿನಲ್ಲಿ ಗ್ಲಾಸು ಬೇರೆ ಬಿಚ್ಚುವುದಿಲ್ಲ. ಫಿಲಮೆಂಟು ಸುಟ್ಟರೆ ಇಡೀ ದೀಪ ಬಿಸಾಡಬೇಕು, ಅದರಿಂದ ಗೆರೆ ಚೆನ್ನಾಗಿರುವ ಹಳೆಯವು ಉಳಿದಿರುವುದೇ ಕಡಿಮೆ.

ಗಾಜೋ ಪ್ಲಾಸ್ಟಿಕ್ಕೋ, ಹಳೆಯದೋ ನಕಲೋ

ಪ್ಲಾಸ್ಟಿಕ್ಕನ್ನು ಗುರುತಿಸುವುದು ಕಷ್ಟವಲ್ಲ. ಗಾಜಿನ ತೂಕ ಅದೇ ಅಳತೆಯ ಅಕ್ರಿಲಿಕ್‌ಗಿಂತ ಎರಡು ಪಟ್ಟಿಗೂ ಹೆಚ್ಚು. ಕೆನ್ನೆಗೆ ಒತ್ತಿದರೆ ಗಾಜು ತಣ್ಣಗೆ ತಾಗುತ್ತದೆ, ಉಗುರಿನಿಂದ ತಟ್ಟಿದರೆ ದನಿ ಬೇರೆ. ಕಾದ ಸೂಜಿ ಚುಚ್ಚಿ ನೋಡುವ ಸಲಹೆ ಕೊಡುವವರಿದ್ದಾರೆ. ಇನ್ನೂ ದುಡ್ಡು ಕೊಡದ ಮಾಲಿಗೆ ಹಾಗೆ ಮಾಡಿದರೆ ಅಂಗಡಿಯವರು ಏನನ್ನುತ್ತಾರೆ ಅಂತ ನಾನು ಹೇಳಬೇಕಿಲ್ಲ. ಬ್ಯಾಕ್‌ಲೈಟಿನ ಕೆಂಪು ಗ್ಲಾಸಿಗೆ ಈ ಪರೀಕ್ಷೆ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಹಿಂದಿನ ದೀಪಗಳು ಹೆಡ್‌ಲೈಟಿಗಿಂತ ಬಹಳ ಮೊದಲೇ ಪ್ಲಾಸ್ಟಿಕ್ಕಿಗೆ ತಿರುಗಿದವು. ಇನ್ನೊಂದು: ಬಣ್ಣದ ಗ್ಲಾಸಿನ ಅಂಚಿನ ಒಡೆದ ಜಾಗ ನೋಡಿ. ಒಳಗೂ ಅದೇ ಬಣ್ಣವಿದ್ದರೆ ಬಣ್ಣ ಗಾಜಿನದೇ. ಒಳಗೆ ಬೆಳ್ಳಗಿದ್ದರೆ ಮೇಲೆ ಲೇಪ ಹಚ್ಚಿದ್ದಾರೆ.

ಹಳೇ ಗಾಜು ಮತ್ತು ಹೊಸ ಗಾಜಿನ ನಕಲನ್ನು ಬೇರ್ಪಡಿಸುವುದಕ್ಕೆ ಕಣ್ಣು ಪಳಗಬೇಕು. ಅಸಲಿ ಗ್ಲಾಸಿನಿಂದಲೇ ಅಚ್ಚು ತೆಗೆದು ಮಾಡಿದ ನಕಲಿನಲ್ಲಿ ಅಕ್ಷರಗಳ ಮೂಲೆ ಮೊಂಡಾಗಿರುತ್ತದೆ, ಒಳಗೆರೆಗಳ ಏಣು ಉರುಟಾಗಿರುತ್ತದೆ. ಕೈಗೆ ತಾಗುವಾಗಲೇ ಸಾಬೂನು ಸವೆದಂತೆ ಅನ್ನಿಸುತ್ತದೆ. ಅಳತೆಯೂ ಕೂದಲೆಳೆಯಷ್ಟು ಚಿಕ್ಕದಾಗಿ ರಿಮ್ಮಿನಲ್ಲಿ ಅಲುಗುವುದುಂಟು. ಗುಳ್ಳೆ ಇದ್ದರೆ ಹಳೆಯದು ಎನ್ನುವ ನಂಬಿಕೆ ಬಲವಾಗಿದೆ, ಅದನ್ನು ಬಿಟ್ಟುಬಿಡಿ. ಕಳಪೆ ಹೊಸ ಗಾಜಿನಲ್ಲೂ ಗುಳ್ಳೆ ಇರುತ್ತದೆ, ಒಳ್ಳೆಯ ಹಳೇ ಕಾರ್ಖಾನೆಯ ಗಾಜಿನಲ್ಲಿ ಇಲ್ಲದೆಯೂ ಇರುತ್ತದೆ. ಹೆಚ್ಚು ನಂಬಬಹುದಾದ್ದು ಸವೆತ. ದಶಕಗಳ ಕಾಲ ರಸ್ತೆಯಲ್ಲಿದ್ದ ಗ್ಲಾಸಿನ ಹೊರಮೈಗೆ ಧೂಳು ಕಲ್ಲು ಬಡಿದು ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಬಿದ್ದಿರುತ್ತವೆ, ರಿಮ್ಮಿನ ಅಡಿಯಲ್ಲಿದ್ದ ಸುತ್ತಂಚು ಮಾತ್ರ ನಯವಾಗಿ ಉಳಿದಿರುತ್ತದೆ. ಮರಳು ಕಾಗದ ತಿಕ್ಕಿ ‘ಹಳೆಯದು’ ಮಾಡಿದ್ದರಲ್ಲಿ ಈ ಗಡಿ ಇರುವುದಿಲ್ಲ.

ಅಂಚು ನೋಡುವಾಗ ಎರಡು ಬಗೆಯ ಏಟನ್ನು ಬೇರೆ ಮಾಡಿಕೊಳ್ಳಿ. ಚಿಪ್ಪಿನಂತೆ ಎದ್ದ ಚೂರು ಇದ್ದಲ್ಲೇ ಇರುತ್ತದೆ. ಅದು ರಿಮ್ಮಿನೊಳಗೆ ಮುಚ್ಚಿಹೋದರೆ ಕೊಳ್ಳಬಹುದು. ಕೂದಲೆಳೆ ಬಿರುಕು ಹಾಗಲ್ಲ, ಬೈಕಿನ ನಡುಕಕ್ಕೆ ದಿನಾ ಸ್ವಲ್ಪ ಸ್ವಲ್ಪ ಓಡುತ್ತದೆ. ಗ್ಲಾಸನ್ನು ಎರಡು ಬೆರಳಲ್ಲಿ ತೂಗುಹಾಕಿ ಮೆಲ್ಲಗೆ ತಟ್ಟಿ. ಠಣ್ ಎಂದು ನಿಂತರೆ ಗಟ್ಟಿ, ಡಬ್ ಎಂದು ಸತ್ತರೆ ಎಲ್ಲೋ ಬಿರುಕಿದೆ.

ಎಲ್ಲಿಂದ ಕೊಳ್ಳುವುದು

ಆಯ್ಕೆ ನಾಲ್ಕು. ನಾನು ರಾತ್ರಿ ಓಡಿಸುವವರಿಗೆ ಗುಜರಿಯ ಹಳೇ ಅಸಲಿ ಗ್ಲಾಸನ್ನೇ ಹೇಳುತ್ತೇನೆ. ಗೆರೆ ಚೂಪಾಗಿರುತ್ತದೆ, ನಮ್ಮ ರಸ್ತೆಯ ದಿಕ್ಕಿನದೇ ಸಿಗುವ ಸಂಭವ ಹೆಚ್ಚು, ಕೈಯಲ್ಲಿ ಹಿಡಿದು ತಟ್ಟಿ ನೋಡಬಹುದು. ತೊಂದರೆ ಏನೆಂದರೆ ಬೇಕಾದಾಗ ಸಿಗುವುದಿಲ್ಲ. ಸಿಕ್ಕಾಗ ಕೊಂಡಿಡಬೇಕು. ಕಾರಿಗಾದರೆ ಜೋಡಿ ಬೇಕು, ಅಲ್ಲಿ ಇನ್ನೂ ಕಷ್ಟ. ಒಂದೇ ಕಂಪನಿಯ ಗ್ಲಾಸಾದರೂ ಅಚ್ಚು ಬದಲಾದರೆ ಗೆರೆ ಬದಲಾಗುತ್ತದೆ, ಎಡಗಣ್ಣು ಬಲಗಣ್ಣು ಬೇರೆಯಾದ ಅಂಬಾಸಡರ್ ದೂರದಿಂದಲೇ ಗೊತ್ತಾಗುತ್ತದೆ. ಜೋಡಿಯೇ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹಳೇ ಸ್ಟಾಕು, ಅಂದರೆ ಬಿಡಿಭಾಗದ ಅಂಗಡಿಯ ಅಟ್ಟದಲ್ಲಿ ಡಬ್ಬ ಬಿಚ್ಚದೆ ಉಳಿದದ್ದು, ಪ್ರದರ್ಶನದ ಗಾಡಿಗೆ ಹೇಳಿ ಮಾಡಿಸಿದ್ದು. ಆದರೆ ಇಲ್ಲಿ ದುಡ್ಡು ಹೋಗುವುದು ಗಾಜಿಗಲ್ಲ, ಡಬ್ಬಕ್ಕೆ. ಡಬ್ಬ ಒಂದು, ಒಳಗಿನ ಮಾಲು ಇನ್ನೊಂದು ಆಗಿರುವ ಸಾಧ್ಯತೆ ಇರುವುದರಿಂದ ಡಬ್ಬದ ಮೇಲಿನ ನಂಬರೂ ಗ್ಲಾಸಿನ ಮೇಲಿನ ಅಚ್ಚೂ ತಾಳೆಯಾಗುತ್ತವೆಯೇ ನೋಡದೆ ಡಬ್ಬದ ದರ ಕೊಡಬೇಡಿ. ದಿನಾ ಓಡಿಸುವ ಗಾಡಿಗೆ ಇದನ್ನು ಹಾಕಿ ರಿಂಗ್ ರೋಡಿನ ಜಲ್ಲಿ ಲಾರಿ ಹಿಂದೆ ಹೋಗುವುದು ನನಗಂತೂ ಮನಸ್ಸು ಬಾರದ ಕೆಲಸ.

ಹೊಸ ಲೋಕಲ್ ಗ್ಲಾಸು ಅಗ್ಗ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಇಲ್ಲಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೋ ಕೇಳಿದ ಕೂಡಲೆ ಸಿಗುತ್ತದೆ. ಅದನ್ನು ಕೀಳಾಗಿ ಕಾಣುವವರ ಜೊತೆ ನಾನಿಲ್ಲ. ಅಂಬಾಸಡರ್, ಜೀಪಿನ 7 ಇಂಚಿನ ಅಳತೆ, ಅಂದರೆ ಸುಮಾರು 178 ಮಿಲಿಮೀಟರಿನದು, ಈಗಲೂ ಚಾಲ್ತಿಯಲ್ಲಿರುವುದರಿಂದ ಒಳ್ಳೆಯ ತಯಾರಿಯೂ ಸಿಗುತ್ತದೆ. ಕೆಲಸಕ್ಕೆ ಅದೇ ಸಾಕು. ಜಾವಾದಂಥ ಬೇರೆ ಅಳತೆಗಳಲ್ಲಿ ಮಾತ್ರ ಲೋಕಲ್ ಗ್ಲಾಸು ಬರೀ ಮುಚ್ಚಳವಾಗುತ್ತದೆ, ಗೆರೆ ಅಲಂಕಾರಕ್ಕಿರುತ್ತದೆ. ಗೋಡೆ ಪರೀಕ್ಷೆ ಇಲ್ಲೇ ಉಪಯೋಗಕ್ಕೆ ಬರುವುದು. ‘ಇದು ಎಲ್ಲ ಮಾಡೆಲ್‌ಗೂ ಆಗುತ್ತೆ’ ಎಂದರೆ ನಂಬದೆ ನಿಮ್ಮ ಒಡೆದ ಗ್ಲಾಸಿನ ವ್ಯಾಸ, ಉಬ್ಬು, ಅಂಚಿನ ದಪ್ಪ ಮೂರನ್ನೂ ಅಳೆದುಕೊಂಡು ಹೋಗಿ.

ನಾಲ್ಕನೆಯದು ಹೊರದೇಶದಿಂದ ತರಿಸುವುದು. ಚೆಕ್ ಗಣರಾಜ್ಯದಲ್ಲಿ ಹಳೇ ಜಾವಾದ ಭಾಗಗಳನ್ನು ಈಗಲೂ ಮಾಡುತ್ತಾರೆ, ಇಂಗ್ಲೆಂಡಿನಲ್ಲಿ ಹಳೇ ಕಾರಿನ ದೀಪಗಳದ್ದೇ ವ್ಯಾಪಾರವಿದೆ. ಇಂಗ್ಲೆಂಡ್ ನಮ್ಮ ಹಾಗೇ ಎಡಗಡೆ ಓಡಿಸುವ ದೇಶ, ಆದ್ದರಿಂದ ಗ್ಲಾಸಿನ ದಿಕ್ಕಿನ ಚಿಂತೆ ಕಡಿಮೆ. ಚೆಕ್ ಗ್ಲಾಸಿಗೆ ಬಾಣದ ಪ್ರಶ್ನೆ ಕೇಳಿಯೇ ತರಿಸಬೇಕು. ಸಾಗಾಣಿಕೆ, ಸುಂಕ ಸೇರಿದರೆ ಗ್ಲಾಸಿನ ಬೆಲೆಯನ್ನೂ ಮೀರಬಹುದು, ದಾರಿಯಲ್ಲಿ ಒಡೆದರೆ ವಾದ ಮಾಡುತ್ತ ಕೂರಬೇಕು. ಒಂದು ತಮಾಷೆ: ಹೊರದೇಶದಿಂದ ದುಬಾರಿಗೆ ತರಿಸಿದ ನಕಲು ದೀಪ ನಮ್ಮ ದೇಶದಲ್ಲೇ ತಯಾರಾಗಿ ಅಲ್ಲಿಗೆ ಹೋದದ್ದಾಗಿರುವುದುಂಟು.

ಕೂಡಿಸುವವರಿಗೆ: ಯಾವ ಸಾಲು?

ಮೈಸೂರಿನವರಿಗೆ ಸಹಜವಾದದ್ದು ಜಾವಾ–ಯೆಜ್ಡಿ ಸಾಲು. ಮೊದಮೊದಲ ಜಾವಾಗಳಲ್ಲಿ ಹೆಡ್‌ಲೈಟೂ ಸ್ಪೀಡೋಮೀಟರೂ ಒಂದೇ ಡೂಮಿನಲ್ಲಿ, ಅಂದರೆ ಹೆಡ್‌ಲೈಟಿನ ಹೊರಚಿಪ್ಪಿನಲ್ಲಿ, ಕೂತಿರುತ್ತವೆ. ಯೆಜ್ಡಿಯ ರೋಡ್‌ಕಿಂಗ್ ಮಾಡೆಲಿನ ಕಾಲಕ್ಕೆ ಬಂದರೆ ಡೂಮಿನ ರೂಪವೇ ಬೇರೆ. ಚೆಕ್ ಮೂಲದ ವಿದ್ಯುತ್ ಭಾಗಗಳ ಮೇಲೆ ‘ಪಾಲ್’ ಎಂಬ ಗುರುತು ಕಾಣುತ್ತದೆ. ಅದಿರುವ ಗ್ಲಾಸು ಸಿಕ್ಕರೆ ಬಿಡಬೇಡಿ. ಈ ಸಾಲಿನ ಲಾಭವೆಂದರೆ ತಾಳೆ ನೋಡಲು ಬೇಕಾದಷ್ಟು ಗಾಡಿಗಳು ಊರಿನಲ್ಲೇ ಇವೆ. ಒಂದು ಕಾಫಿ ಕೊಡಿಸಿದರೆ ಮಾಲೀಕರು ರಿಮ್ ಬಿಚ್ಚಿ ತೋರಿಸುವಷ್ಟು ಉತ್ಸಾಹಿಗಳು. ಬುಲೆಟ್ಟಿನ ಹೆಡ್‌ಲೈಟಿನ ಮೇಲೆ ಎರಡು ಕಣ್ಣಿನ ಹಾಗೆ ಕೂರುವ ಪೈಲಟ್ ದೀಪಗಳ ಪುಟ್ಟ ಗ್ಲಾಸುಗಳೂ ಒಳ್ಳೆಯ ಸಂಗ್ರಹ. ಜಾಗ ಬೇಡ, ಬೆಲೆಯೂ ಹಗುರ.

ಇಂಗ್ಲಿಷ್ ಸಾಲಿನಲ್ಲಿ ಎಲ್ಲರ ಕಣ್ಣು ಲ್ಯೂಕಾಸ್ ಪಿ700 ಮೇಲೆ. ಬಲ್ಬಿನ ಮುಂದೆ ಮೂರು ಕಾಲಿನ ಕಂಬಿ, ನಡುವೆ ಲಾಂಛನ, ನೋಡಿದ ಕೂಡಲೆ ಗುರುತು ಸಿಗುವ ದೀಪ. ಅದೇ ಕಾರಣಕ್ಕೆ ನಕಲೂ ಅತಿ ಹೆಚ್ಚು. ಹೊಸದಾಗಿ ಕೂಡಿಸುವವರಿಗೆ ನಾನಿದನ್ನು ಹೇಳುವುದಿಲ್ಲ. ಅದೇ ದುಡ್ಡಿಗೆ ಮಿಲ್ಲರ್, ವೈಪ್ಯಾಕ್‌ನಂಥ ಹೆಸರಿನ, ಯಾರೂ ಕೈ ಹಾಕದ ಗ್ಲಾಸುಗಳು ಸಿಗಬಹುದು.

ಫ್ರೆಂಚ್ ಸಾಲು ಹಳದಿಯಿಂದ ಸೆಳೆಯುತ್ತದೆ. 1930ರ ದಶಕದ ಕೊನೆಯಿಂದ 1993ರವರೆಗೆ ಫ್ರಾನ್ಸಿನಲ್ಲಿ ಹೆಡ್‌ಲೈಟು ಹಳದಿ ಇರಬೇಕೆಂಬ ಕಾನೂನಿತ್ತು. ಸಿಬಿಯೆ, ಮಾರ್ಶಾಲ್ ಹೆಸರಿನ ದೀಪಗಳು ಅಲ್ಲಿನವು. ಮಾರ್ಶಾಲ್‌ಗೆ ಬೆಕ್ಕಿನ ತಲೆಯ ಗುರುತು. ಹೆಚ್ಚಿನವುಗಳಲ್ಲಿ ಹಳದಿ ಇದ್ದದ್ದು ಬಲ್ಬಿನಲ್ಲಿ, ಗ್ಲಾಸು ಬಿಳಿಯೇ. ಹಾಗಾಗಿ ಹಳದಿ ಗ್ಲಾಸು ಕಂಡರೆ ಮೊದಲು ಅಂಚು ನೋಡಿ, ಲೇಪವೋ ಗಾಜಿನದೇ ಬಣ್ಣವೋ ಅಂತ. ಮಡಿಕೇರಿ ಮಂಜಿಗೆ ಹಳದಿ ಬೇಕು ಎನ್ನುವವರು ಹೆಡ್‌ಲೈಟ್ ಬದಲಿಸುವುದು ಬೇಡ, ಕೆಳಗೊಂದು ಬೇರೆ ಮಂಜು ದೀಪ ಹಾಕಿಕೊಳ್ಳಲಿ. ಆ ಕೆಲಸಕ್ಕೆ ಬಣ್ಣಕ್ಕಿಂತ ದೀಪ ಕೆಳಗಿರುವುದು ಮತ್ತು ಬೆಳಕು ಚಪ್ಪಟೆಯಾಗಿ ಹರಡುವುದು ಮುಖ್ಯ.

ಕಪಾಟಿಗೆ ಮಾತ್ರ ಎಂದಾದರೆ 1910–20ರ ದಶಕದ ಅಮೆರಿಕನ್ ಗ್ಲಾಸುಗಳಷ್ಟು ರುಚಿ ಬೇರೆಲ್ಲೂ ಇಲ್ಲ. ಕಣ್ಣು ಕುಕ್ಕುವ ಬೆಳಕಿನ ವಿರುದ್ಧ ಅಲ್ಲಿನ ರಾಜ್ಯಗಳು ಒಂದೊಂದಾಗಿ ಕಾನೂನು ಮಾಡತೊಡಗಿದಾಗ ಹತ್ತಾರು ಕಂಪನಿಗಳು ತಮ್ಮ ತಮ್ಮ ಪೇಟೆಂಟ್ ಗ್ಲಾಸುಗಳೊಂದಿಗೆ ಮಾರುಕಟ್ಟೆಗೆ ಇಳಿದವು. ಪಿಟ್ಸ್‌ಬರ್ಗ್‌ನ ಮ್ಯಾಕ್‌ಬೆತ್, ಕಾರ್ನಿಂಗ್‌ನ ಕೊನಾಫೋರ್ ಅಂಥವು. ಕೊನಾಫೋರ್ ಬಿಳಿಯಲ್ಲೂ ಹಳದಿ ಹಸಿರು ಛಾಯೆಯಲ್ಲೂ ಬರುತ್ತಿತ್ತು. ಗಾಡಿಯವರೇ ಕೊಂಡು ಹಾಕಿಸಿಕೊಳ್ಳುವ ಸಾಮಾನಾದ್ದರಿಂದ ಹೆಸರು ದೊಡ್ಡದಾಗಿ, ಸೊಗಸಾದ ಅಕ್ಷರದಲ್ಲಿ ಮೂಡಿರುತ್ತದೆ. ನಮ್ಮ ಕಡೆ ಸಿಗುವುದು ತೀರಾ ಅಪರೂಪ. ಆ ಕಾಲದ ಕಾರುಗಳು ದೀಪ ಸಮೇತ ಹೇಗಿರುತ್ತವೆ ಎಂದು ಕಾಣಬೇಕಾದರೆ ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಪಕ್ಕದ ‘ಪಯಣ’ ಕಾರು ಮ್ಯೂಸಿಯಂಗೆ ಹೋಗಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಅಲ್ಲಿದೆ. ಜನ ಬಾನೆಟ್ಟಿನ ಮೇಲಿನ ಲಾಂಛನದ ಫೋಟೊ ತೆಗೆಯುತ್ತಿರುತ್ತಾರೆ, ನೀವು ಬಗ್ಗಿ ಹೆಡ್‌ಲೈಟಿನ ಗೆರೆ ನೋಡಿ ಬನ್ನಿ.

ಗ್ಲಾಸಿನ ಹಿಂದೆ

ಗ್ಲಾಸು ಆರಿಸಿ ತಂದ ಮೇಲೆ ಬೆಳಕು ಬರಲಿಲ್ಲ ಎಂದರೆ ತಪ್ಪು ಸಾಮಾನ್ಯವಾಗಿ ರಿಫ್ಲೆಕ್ಟರಿನದು. ಹಳೆಯ ರಿಫ್ಲೆಕ್ಟರುಗಳಿಗೆ ಬೆಳ್ಳಿ ಲೇಪ, ಆಮೇಲಿನವುಗಳಿಗೆ ಅಲ್ಯುಮಿನಿಯಂ. ಬೆಳ್ಳಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 95ರಷ್ಟನ್ನು ಹಿಂದಿರುಗಿಸುತ್ತದೆ, ಅಲ್ಯುಮಿನಿಯಂ 90ರ ಆಸುಪಾಸು. ಕ್ರೋಮ್ ಹಾಕಿಸಿದರೆ ಕಣ್ಣಿಗೆ ಫಳಫಳ, ಆದರೆ ಹಿಂದಿರುಗುವುದು 65ರ ಹತ್ತಿರ ಮಾತ್ರ. ಬಂಪರಿನ ಜೊತೆ ಇದನ್ನೂ ಕ್ರೋಮಿಗೆ ಕೊಟ್ಟು ಬರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಪಾತ್ರೆಗೆ, ದೇವರ ಸಾಮಾನಿಗೆ ಬೆಳ್ಳಿ ಲೇಪ ಹಾಕುವವರು ಮೈಸೂರಿನಲ್ಲಿದ್ದಾರೆ, ಅವರನ್ನು ಕೇಳಿ. ಮೊದಲು ಒಳಮೈ ನಯ ಮಾಡಿಸಿ ಆಮೇಲೆ ಲೇಪ ಹಾಕಿಸಬೇಕು. ಉಳಿದಿರುವ ಹಳೇ ಲೇಪವನ್ನು ಬಟ್ಟೆಯಿಂದ ಉಜ್ಜಬೇಡಿ, ಗಾಳಿ ಊದಿದರೆ ಸಾಕು.

ಬಲ್ಬಿನ ವಿಷಯ ಚಿಕ್ಕದು. 6 ವೋಲ್ಟಿನ ಡೈನಮೊ ಇರುವ ಜಾವಾಕ್ಕೆ 60/55 ವಾಟಿನ ಹ್ಯಾಲೊಜನ್ ಹಾಕುವ ಆಸೆ ಬೇಡ, ಅಷ್ಟು ಕರೆಂಟು ಅದರಲ್ಲಿಲ್ಲ. 12 ವೋಲ್ಟಿನ ಗಾಡಿಯಾದರೂ ತೀರಾ ಹಳೇ ಗಾಜು ಆ ಕಾವಿನಲ್ಲಿದ್ದಾಗ ಮಳೆನೀರು ಸಿಡಿದರೆ ಸೀಳಬಹುದು. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹುಟ್ಟುವ ಜಾಗ ಫಿಲಮೆಂಟು ಇದ್ದ ಜಾಗಕ್ಕೆ ಸರಿಯಾಗಿ ಕೂರದಿದ್ದರೆ, ನೀವು ಅಷ್ಟು ಹುಡುಕಿ ತಂದ ಗೆರೆಗಳು ಬೆಳಕನ್ನು ಎಲ್ಲೆಲ್ಲಿಗೋ ಎಸೆಯುತ್ತವೆ.

ಗುಜರಿಯಿಂದ ಗ್ಲಾಸು ತರುವಾಗ ಅದರ ರಿಮ್ಮು, ಒಳಗಿನ ತಂತಿ ಕ್ಲಿಪ್ಪುಗಳು, ಹರಿದಿದ್ದರೂ ಸರಿ ಆ ರಬ್ಬರ್ ಅಥವಾ ಬೆಂಡಿನ ಸುತ್ತುಪಟ್ಟಿ ಎಲ್ಲವನ್ನೂ ಕೇಳಿ ತನ್ನಿ. ಅಂಗಡಿಯವರು ಅದನ್ನು ತೂಕಕ್ಕೆ ಹಾಕಿ ಕೊಡುತ್ತಾರೆ, ಆಮೇಲೆ ಬೇರೆಯಾಗಿ ಹುಡುಕಿದರೆ ಗ್ಲಾಸಿಗಿಂತ ಕ್ಲಿಪ್ಪು ಸಿಗುವುದೇ ಕಷ್ಟ. ಸುತ್ತುಪಟ್ಟಿ ಹೊಸದು ಕತ್ತರಿಸಲು ಹಳೆಯದೇ ಅಳತೆ. ಮನೆಯಲ್ಲಿ ಇಡುವಾಗ ಒಂದರ ಮೇಲೊಂದು ಪೇರಿಸದೆ ನಡುವೆ ರಟ್ಟು ಕೊಟ್ಟು ಪುಸ್ತಕದ ಹಾಗೆ ನಿಲ್ಲಿಸಿಡಿ. ಹಿಂಬದಿಗೆ ಒಂದು ಚೀಟಿ ಅಂಟಿಸಿ, ವ್ಯಾಸ ಎಷ್ಟು, ಯಾವ ಗಾಡಿಯಿಂದ ಬಿಚ್ಚಿದ್ದು, ಬಾಣ ಯಾವ ಕಡೆಗೆ ಎಂದು ಬರೆದಿಡಿ.